ಪೂವಮ್ಮ ಕಾಯಿಸಿದ ಎಣ್ಣೆ

ಬೆಳ್ಳಾರೆ ಪೇಟೆಯಲ್ಲಿ ಪೂವಮ್ಮ ಕಾಯಿಸುವ ಎಣ್ಣೆಗೆ ಒಂದು ಹೆಸರಿತ್ತು. ಗಂಡ ಜತ್ತಪ್ಪನ ಜೀನಸಿನ ಅಂಗಡಿಯ ಹಿಂದೆಯೇ ಅವರ ಮನೆ. ಅಲ್ಲಿಯ ಹಿತ್ತಿಲಲ್ಲಿ ಕಂಚಿನ ಬಾಣಲೆ ಒಲೆಯೇರಿತೆಂದರೆ ಗರಗದ ಸೊಪ್ಪು, ನೆಲ್ಲಿಕಾಯಿ, ದಾಸವಾಳದ ಹೂ, ಮೆಂತೆ ಎಲ್ಲ ತೆಂಗಿನೆಣ್ಣೆಯಲ್ಲಿ ಕುದಿದು ಕಪ್ಪಾಗುವ ವಾಸನೆ ಬಸ್ಸು ನಿಲ್ಲುವ ಜಾಗದವರೆಗೂ ಹೋಗುತ್ತಿತ್ತು. ಹೆಂಗಸರು ಸೀಸೆ ಹಿಡಿದುಕೊಂಡು ಬರುತ್ತಿದ್ದರು. ಪೂವಮ್ಮ ಯಾರಿಗೂ ಇಲ್ಲವೆನ್ನುತ್ತಿರಲಿಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುತ್ತಲೂ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಅವರ ತಲೆಯನ್ನೊಮ್ಮೆ ನೋಡಿ, "ಕೂದಲು ದಪ್ಪ ಆಗಿದೆ, ಅಲ್ವಾ?" ಎಂದು ಕೇಳಿ ಹೌದೆನ್ನಿಸಿಕೊಂಡರೆ ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ. ಒಬ್ಬನೇ ಮಗ ಕುಶಾಲಪ್ಪ, ಅಪ್ಪನ ಅಂಗಡಿಯಲ್ಲೇ ಇದ್ದ. ಊರಿನ ಹುಡುಗಿಯರಿಗೆಲ್ಲ ಎಣ್ಣೆ ಕೊಟ್ಟರೂ ತನ್ನದೆನ್ನುವ ಒಂದು ಹುಡುಗಿಯನ್ನು ಮುಂದೆ ಕೂರಿಸಿಕೊಂಡು, ತಲೆಯಲ್ಲಿ ಬೆರಳಾಡಿಸಿ, ಜಡೆ ಹೆಣೆಯುವ ಆಸೆ ಹಾಗೆಯೇ ಉಳಿದುಬಿಟ್ಟಿತ್ತು. ಆದ್ದರಿಂದ ಕುಶಾಲಪ್ಪನಿಗೆ ಮಂಡೆಕೋಲಿನಿಂದ ಹೆಣ್ಣು ತಂದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಸುಳ್ಯ ಇನ್ನೂ ಪುತ್ತೂರು ತಾಲೂಕಿಗೇ ಸೇರಿದ್ದ ಕಾಲ ಅದು. ಶಿವರಾತ್ರಿಗೆ ಮೊದಲೇ ಮದುವೆ ಮುಗಿಯಿತು. ಹುಡುಗಿಯ ಹೆಸರು ಕುಮುದಿನಿ. ಗೋಧಿ ಬಣ್ಣ, ಮೆದು ಮಾತು. ಮುಖದ ಮೇಲೆ ಸದಾ ಒಂದು ಜಿಡ್ಡಿನ ಹೊಳಪು. "ಲಕ್ಷಣ ಅಂದ್ರೆ ಅದು. ಪೌಡರೂ ಬೇಡ ಎಂತದೂ ಬೇಡ, ಮುಖ ಹಾಗೇ ಮಿಂಚ್ತದೆ ನೋಡಿ," ಎಂದು ಪೂವಮ್ಮ ಮದುಮಗಳನ್ನು ನೋಡಲು ಬಂದವರಿಗೆಲ್ಲ ತಾನಾಗಿಯೇ ಹೇಳುತ್ತಿದ್ದಳು.

ಮದುವೆಯ ಓಡಾಟ ನಿಂತ ಮೊದಲ ಶುಕ್ರವಾರ ಅವಳು ಸೊಸೆಯನ್ನು ಹಿತ್ತಿಲ ಜಗಲಿಯಲ್ಲಿ ಕೂರಿಸಿಕೊಂಡಳು. ಬೆಚ್ಚಗಿನ ಎಣ್ಣೆಯನ್ನು ನೆತ್ತಿಗೆ ತಟ್ಟಿ, ಬುಡಕ್ಕೆ ಇಳಿಸಿ, ಕೂದಲ ತುದಿಯವರೆಗೂ ಎಳೆದಳು. ಅಂಗೈಯಲ್ಲಿ ಉಳಿದದ್ದನ್ನು ಹಾಳು ಮಾಡುವುದೇಕೆಂದು ಹಣೆಗೆ, ಕೆನ್ನೆಗೆ, ಕುತ್ತಿಗೆಗೆ ತಿಕ್ಕಿದಳು.

"ಮುಖಕ್ಕೆ ಬೇಡ ಅತ್ತೆ," ಎಂದಳು ಕುಮುದಿನಿ.

"ಯಾಕೆ, ನಾಚಿಕೆಯಾ? ನಿನ್ನ ಅವ್ವ ಹಚ್ಚಿದ್ರೆ ಬೇಡ ಹೇಳ್ತಿದ್ಯಾ?" ಪೂವಮ್ಮ ನಗುತ್ತಾ ಇನ್ನಷ್ಟು ಎಣ್ಣೆ ಬಗ್ಗಿಸಿಕೊಂಡಳು. "ಈಗ ನಾನೂ ಅವ್ವನೇ. ಕಣ್ಣು ಮುಚ್ಚು ನೋಡುವ."

ಹುಡುಗಿ ಕಣ್ಣು ಮುಚ್ಚಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಮಂಗಳವಾರ ಶುಕ್ರವಾರ ಎಂದು ಶುರುವಾದದ್ದು ಬರಬರುತ್ತಾ ದಿನವೂ ಆಯಿತು. ಆ ಹೊತ್ತು ಪೂವಮ್ಮನಿಗೆ ದಿನದಲ್ಲೇ ಸವಿಯಾದ ಹೊತ್ತು. ತನ್ನ ಮದುವೆಯ ಕಥೆ, ಕಡಬದ ತವರಿನ ಕಥೆ, ಕುಶಾಲಪ್ಪ ಚಿಕ್ಕವನಿದ್ದಾಗ ಅಂಗಡಿಯ ಬೆಲ್ಲದ ಡಬ್ಬಿಯೊಳಗೆ ಕೂತಿದ್ದ ಕಥೆ ಎಲ್ಲ ಆಗಲೇ ಹೊರಬರುತ್ತಿದ್ದವು. ಕುಮುದಿನಿ ಅತ್ತೆಯ ಮೊಣಕಾಲಿಗೆ ಒರಗಿ ಕೇಳುತ್ತಿದ್ದಳು.

ಹೊಸವರ್ಷದ ಬಿಸು ಹಬ್ಬದ ಹೊತ್ತಿಗೆ ಹುಡುಗಿಯ ಕೂದಲು ಕಪ್ಪಾಗಿ ತುಂಬಿ ಬಂದಿತ್ತು. ಹಣೆಯ ತುಂಬ ಮೊಡವೆಯೂ ಎದ್ದಿತ್ತು.

ಮೊದಲು ಕೂದಲಿನ ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು. ಆಮೇಲೆ ಕೆನ್ನೆ, ಗಲ್ಲ. ಕೆಲವು ಕೆಂಪಾಗಿ ಊದಿ, ತುದಿಯಲ್ಲಿ ಕೀವು ಕಟ್ಟಿ ನೋಯುತ್ತಿದ್ದವು. ಪೂವಮ್ಮ ಗಾಬರಿಯಾದಳು. ಉಷ್ಣ ಎಂದು ಅವಳ ತೀರ್ಮಾನ. ಉಷ್ಣಕ್ಕೆ ಎಣ್ಣೆಗಿಂತ ತಂಪು ಬೇರೆ ಉಂಟೇ? ಮುಖಕ್ಕೆ ಇನ್ನಷ್ಟು ಹಚ್ಚಿದಳು. ಹಾಲಿನ ಕೆನೆಯಲ್ಲಿ ಅರಸಿನ ಕಲಸಿ ಮೆತ್ತಿದಳು. ಸಾಬೂನು ಹಾಕಿದರೆ ಬಣ್ಣ ಹೋಗುತ್ತದೆಂದು ಅದನ್ನು ತಪ್ಪಿಸಿದಳು. ಗುಳ್ಳೆಯ ಬೀಜ ತೆಗೆದರೆ ಬೇಗ ಒಣಗುತ್ತದೆಂದು, ಸೊಸೆಯ ಮುಖವನ್ನು ಬೆಳಕಿಗೆ ಹಿಡಿದು ಉಗುರಿನಲ್ಲಿ ಹಿಂಡಿದಳು. ಕುಮುದಿನಿಯ ಕಣ್ಣಲ್ಲಿ ನೀರು ಬರುತ್ತಿತ್ತು. "ಸ್ವಲ್ಪ ತಡ್ಕೊ ಮಗಾ, ನಿನ್ನ ಒಳ್ಳೆದಕ್ಕೇ ಅಲ್ವಾ?" ಎನ್ನುತ್ತಿದ್ದಳು ಪೂವಮ್ಮ. ಅವಳ ದನಿಯಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಕುಶಾಲಪ್ಪ ಸರಕಿಗೆಂದು ಪುತ್ತೂರಿಗೆ ಹೋದವನು ಮುಖಕ್ಕೆ ಹಚ್ಚುವ ಸ್ನೋ ಒಂದು ಕುಪ್ಪಿ ತಂದುಕೊಟ್ಟ. ಎಣ್ಣೆಯ ಮೇಲೆ ಅದೂ ಬಿತ್ತು. ಮುಖ ಮತ್ತಷ್ಟು ಕೆಟ್ಟಿತು.

ಒಂದು ದಿನ ಪಕ್ಕದ ಮನೆಯ ಜೈನಬಮ್ಮ ಬೇಲಿಯಾಚೆಯಿಂದ ಕೇಳಿಯೇ ಬಿಟ್ಟಳು. "ಎಂತ ಪೂವಮ್ಮಕ್ಕ, ಮದುಮಗಳ ಮುಖಕ್ಕೆ ಎಂತಾಯ್ತು? ಬರುವಾಗ ಚಂದ ಇತ್ತಲ್ಲ?"

ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಇಬ್ಬರೂ ಇಪ್ಪತ್ತು ವರ್ಷದಿಂದ ಅಕ್ಕಪಕ್ಕದವರು. ಆದರೆ ಪೂವಮ್ಮನಿಗೆ ಮೈಯೆಲ್ಲ ಬಿಸಿಯಾಯಿತು. ಊರಿಗೆಲ್ಲ ಎಣ್ಣೆ ಕೊಡುವವಳ ಮನೆಯ ಸೊಸೆ ಹೀಗೆ! ಬಂದ ಮೇಲೆ ಕೆಟ್ಟಿತೆಂದರೆ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೆಂದೂ ಆಡಿಕೊಳ್ಳಬಹುದು.

"ಅದು ಮೊದಲೇ ಇದ್ದದ್ದು ಮಾರಾಯ್ತಿ," ಎಂದಳು. "ಮದುವೆಗೆ ಎಂತದೋ ಹಚ್ಚಿ ಮುಚ್ಚಿದ್ರು ಅಂತ ಕಾಣ್ತದೆ."

ಹೇಳಿ ಒಳಗೆ ಬಂದಾಗ ಕುಮುದಿನಿ ಬಾಗಿಲ ಹತ್ತಿರವೇ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಪೂವಮ್ಮ ಕೇಳಲೂ ಇಲ್ಲ.

ಅಂದಿನಿಂದ ಯಾರಾದರೂ ಬಂದರೆ "ನೀನು ಒಳಗಿರು, ಕಾಫಿ ನಾನು ಕೊಡ್ತೇನೆ" ಎನ್ನುವುದು ಅಭ್ಯಾಸವಾಯಿತು. ಮುಖ ಮಿಂಚುತ್ತದೆಂದು ಕರೆಕರೆದು ತೋರಿಸುತ್ತಿದ್ದವಳೇ ಈಗ ಅದೇ ಮುಖವನ್ನು ಅಡುಗೆಮನೆಯ ಹೊಗೆಯಲ್ಲಿ ಇಡುತ್ತಿದ್ದಳು.

ಬೇಸಗೆಯ ಕೊನೆಗೆ ಕಡಬದಲ್ಲಿ ಮದುವೆ ಬಂತು. ಪೂವಮ್ಮನ ಅಕ್ಕನ ಮಗಳು ದಮಯಂತಿಯದು. ತವರಿನ ಕಡೆಯವರೆಲ್ಲ ಸೇರುವ ಮದುವೆ. ಕುಶಾಲಪ್ಪನ ಹೆಂಡತಿಯನ್ನು ಸರಿಯಾಗಿ ನೋಡಲೇ ಇಲ್ಲವೆಂದು ಅಕ್ಕ ಎರಡೆರಡು ಸಲ ಹೇಳಿ ಕಳಿಸಿದ್ದಳು. ಹೊರಡುವ ಹಿಂದಿನ ದಿನ ಕುಮುದಿನಿ ಮದುವೆಯ ನೀಲಿ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹರವಿದ್ದಳು. ದಮಯಂತಿಯ ಮದುಮಗನ ಕಡೆಯವರು ಕುಮುದಿನಿಯ ಅವ್ವನಿಗೆ ದೂರದ ಸಂಬಂಧ. ಅವ್ವ ಬರುತ್ತಾಳೆಂಬ ಸುದ್ದಿ ಅವಳಿಗೆ ತಲುಪಿತ್ತು.

ಪೂವಮ್ಮ ಸೀರೆಯನ್ನು ನೋಡಿದಳು. ಸೊಸೆಯ ಮುಖವನ್ನು ನೋಡಿದಳು. ಎಡಗೆನ್ನೆಯಲ್ಲಿ ಹೊಸದಾಗಿ ಎರಡು ಗುಳ್ಳೆ ಊದಿದ್ದವು.

"ಎಲ್ಲರೂ ಹೋದ್ರೆ ಮನೆಯಲ್ಲಿ ಯಾರು?" ಎಂದಳು. "ದನ ಇವತ್ತೋ ನಾಳೆಯೋ ಕರು ಹಾಕ್ತದೆ. ನೀನು ಇರು ಮಗಾ. ಇನ್ನೊಂದು ಮದುವೆಗೆ ಹೋಗುವ."

ಕುಮುದಿನಿ ಹಟ್ಟಿಯ ಕಡೆ ಒಮ್ಮೆ ನೋಡಿದಳು. ದನಕ್ಕೆ ಇನ್ನೂ ದಿನವಿತ್ತು, ಅದು ಇಬ್ಬರಿಗೂ ಗೊತ್ತಿತ್ತು. "ಆಯ್ತು ಅತ್ತೆ," ಎಂದು ಸೀರೆಯನ್ನು ಮಡಚಿದಳು.

ಕಡಬದ ಚಪ್ಪರದಲ್ಲಿ ಸೇವಂತಿ ಮೊದಲೇ ಬಂದು ಕಾಯುತ್ತಿದ್ದಳು. ಕುಮುದಿನಿಯ ಅಮ್ಮ, ಪೂವಮ್ಮನಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ಕಡಿಮೆ ಮಾತಿನವಳು. ಪೂವಮ್ಮನನ್ನು ಕಂಡು ಎದ್ದುಬಂದವಳು ಅವಳ ಬೆನ್ನ ಹಿಂದೆ ಹುಡುಕಿದಳು. "ಮಗಳು ಎಲ್ಲಿ ಅಕ್ಕ?"

"ದನ ಕರು ಹಾಕ್ಲಿಕ್ಕುಂಟು. ಅವಳೇ ಇರ್ತೇನೆ ಅಂದ್ಲು."

ಸೇವಂತಿಯ ಮುಖ ಸಣ್ಣದಾಯಿತು. ಅಷ್ಟರಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದ ಹೆಂಗಸರ ಸಾಲಿನಿಂದ ಪೂವಮ್ಮನ ಅಕ್ಕನ ನಾದಿನಿ ಬಾಯಿ ಹಾಕಿದಳು. "ದನವಾ? ನಾನು ಬೇರೆ ಕೇಳಿದೆ. ಹುಡುಗಿಯ ಮುಖ ಇಡೀ ಗುಳ್ಳೆ ಎದ್ದು ನೋಡ್ಲಿಕ್ಕೆ ಆಗುದಿಲ್ಲ ಅಂತಲ್ಲ? ಬೆಳ್ಳಾರೆ ಸಂತೆಗೆ ಹೋದವರು ಹೇಳಿದ್ದು. ನಿನ್ನ ಎಣ್ಣೆ ಅವಳಿಗೆ ಹಿಡಿಯಲಿಲ್ಲವಾ ಪೂವಮ್ಮ?"

ಯಾರೋ ನಕ್ಕರು. ಎಲ್ಲರ ಕಣ್ಣೂ ತನ್ನ ಮೇಲೆ. ತವರಿನವರ ಎದುರು, ತನ್ನ ಎಣ್ಣೆಯ ಹೆಸರು ಹಿಡಿದು ಆಡಿದ ಮಾತು.

"ನಮ್ಮಲ್ಲಿಗೆ ಬಂದ ಮೇಲೆ ಆದದ್ದಲ್ಲ ಅದು," ಎಂದಳು ಗಟ್ಟಿಯಾಗಿ. "ಅವರ ಮನೆಯಲ್ಲೇ ರಕ್ತ ಶುದ್ಧ ಇಲ್ಲ. ಮದುವೆಗೆ ಮೊದಲು ಒಂದು ಮಾತು ಹೇಳಿದ್ರೆ ನಾವೇ ಮದ್ದು ಮಾಡ್ತಿದ್ದೆವು. ಮುಚ್ಚಿಟ್ಟರೆ ಎಂತ ಮಾಡುದು?"

ಸೇವಂತಿ ಅಲ್ಲೇ ನಿಂತಿದ್ದಳು. ವೀಳ್ಯದೆಲೆಯೊಂದನ್ನು ಸೆರಗಿಗೆ ಒರೆಸುತ್ತಿದ್ದ ಕೈ ನಿಂತಿತು. ಎಲೆಯನ್ನು ಮೆಲ್ಲಗೆ ತಟ್ಟೆಗಿಟ್ಟು ದಿಬ್ಬಣ ಬಂದ ಕಡೆಗೆ ನಡೆದಳು.

ಜಡಿಮಳೆಯ ಆಟಿ ತಿಂಗಳು ಬಂದಾಗ, ಹೊಸ ಮದುಮಗಳು ತವರಲ್ಲಿರುವ ಪದ್ಧತಿಯಂತೆ ಕುಮುದಿನಿಯ ಅಣ್ಣ ಬಂದು ಅವಳನ್ನು ತವರಿಗೆ ಕರೆದೊಯ್ದ. ಪೂವಮ್ಮ ಬುಟ್ಟಿಯೊಳಗೆ ಒಂದು ದೊಡ್ಡ ಸೀಸೆ ಎಣ್ಣೆ ಇಟ್ಟಳು. "ಅಲ್ಲಿ ಹೋಗಿ ಬಿಡ್ಬೇಡ, ದಿನಾ ಹಚ್ಚು," ಎಂದು ಬಸ್ಸಿನ ಕಿಟಕಿಯವರೆಗೂ ಹೇಳಿದಳು.

ಹುಡುಗಿಯಿಲ್ಲದ ಮನೆಯಲ್ಲಿ ಅವಳಿಗೆ ಹೊತ್ತು ಹೋಗಲಿಲ್ಲ. ಕಡಬದ ಮಾತು ಆಗಾಗ ಮನಸ್ಸಿಗೆ ಬರುತ್ತಿತ್ತು. ಸಿಟ್ಟಿನಲ್ಲಿ ಬಂದ ಮಾತು, ಆದರೂ ಸುಳ್ಳಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ್ದೇ ಮಗನನ್ನೂ ಕಾಯದೆ ತಾನೇ ಕರೆತರುತ್ತೇನೆಂದು ಹೊರಟಳು. ಸುಳ್ಯದವರೆಗೆ ಬಸ್ಸು, ಹೊಳೆಗೆ ದೋಣಿ, ಆಮೇಲೆ ಕೆಸರು ದಾರಿ. ಮಂಡೆಕೋಲಿನ ಆ ಮನೆಯಂಗಳಕ್ಕೆ ಕಾಲಿಟ್ಟಾಗ ಜಗಲಿಯಲ್ಲಿ ಒಬ್ಬಳು ಬಟ್ಟೆ ಹರವುತ್ತಿದ್ದಳು. ಕೂದಲನ್ನು ನೆತ್ತಿಯ ಮೇಲೆತ್ತಿ ಗಂಟು ಹಾಕಿದ್ದಳು, ಹಣೆ ಬಟಾಬಯಲು. ಕುಮುದಿನಿಯ ತಂಗಿ ಭವಾನಿ ಇರಬೇಕೆಂದುಕೊಂಡಳು ಪೂವಮ್ಮ. ಹತ್ತಿರ ಹೋದಾಗಲೇ ತಿಳಿದದ್ದು, ಅದು ಅವಳ ಸೊಸೆ.

ಊತ ಇಳಿದಿತ್ತು. ಕೀವಿನ ಗುಳ್ಳೆ ಒಂದೂ ಇರಲಿಲ್ಲ. ಅಲ್ಲಲ್ಲಿ ಕಂದು ಕಲೆ, ಕೆನ್ನೆಯಲ್ಲಿ ಉಗುರು ಊರಿದ ಕಡೆ ಸಣ್ಣ ಕುಳಿ. ಉಳಿದಂತೆ ಮದುವೆಯ ದಿನ ಕಂಡ ಅದೇ ಮುಖ.

ಕುಮುದಿನಿ ಅತ್ತೆಯನ್ನು ಕಂಡು ನಕ್ಕಳು. ನಗುತ್ತಿದ್ದ ಹಾಗೆಯೇ ಅವಳ ಕೈ ತನ್ನಷ್ಟಕ್ಕೆ ಮೇಲೆದ್ದು ಕೆನ್ನೆಯನ್ನು ಮರೆಮಾಡಿತು. ಪೂವಮ್ಮ ಆ ಕೈಯನ್ನೇ ನೋಡಿದಳು. ಮುಖ ಮುಚ್ಚಿಕೊಳ್ಳುವುದನ್ನು ಹುಡುಗಿ ಕಲಿತದ್ದು ಬೆಳ್ಳಾರೆಯಲ್ಲಿ.

ಸೇವಂತಿ ಕಾಲಿಗೆ ನೀರು ಕೊಟ್ಟಳು, ಕುಡಿಯಲು ನೀರು-ಬೆಲ್ಲ ಕೊಟ್ಟಳು, ಬಿಸಿ ಪತ್ರೊಡೆ ಬಡಿಸಿದಳು. ಒಂದು ಉಪಚಾರದಲ್ಲೂ ಕೊರತೆಯಿರಲಿಲ್ಲ. ಕಡಬದ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಪೂವಮ್ಮ ತುತ್ತುತುತ್ತಿಗೂ ಕಾದಳು. ಬರಲಿಲ್ಲ. ಕೊನೆಗೆ ಅವಳೇ ಕೇಳಿದಳು. "ಮುಖ ಎಷ್ಟು ವಾಸಿ ಆಗಿದೆ! ಯಾವ ಮದ್ದು ಮಾಡಿದ್ದು?"

"ಮದ್ದು ಎಂತದೂ ಇಲ್ಲ ಅಕ್ಕ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೆಸರುಹಿಟ್ಟಿನಲ್ಲಿ ಮುಖ ತೊಳೆಯುದು. ತಿಕ್ಕುದಿಲ್ಲ, ತೆಳು ಬಟ್ಟೆಯಲ್ಲಿ ಒತ್ತಿ ಒರೆಸುದು. ಕೂದಲು ಮುಖಕ್ಕೆ ತಾಗದ ಹಾಗೆ ಎತ್ತಿ ಕಟ್ಟುದು. ಗುಳ್ಳೆಗೆ ಕೈ ಹಾಕುದಿಲ್ಲ. ಅಷ್ಟೇ."

"ಎಣ್ಣೆ?"

ಸೇವಂತಿ ಪತ್ರೊಡೆಯ ಪಾತ್ರೆಯನ್ನು ಪಕ್ಕಕ್ಕಿಟ್ಟಳು. "ಅವಳ ಮುಖದಲ್ಲೇ ಬೇಕಾದಷ್ಟು ಎಣ್ಣೆ ಉಂಟಲ್ಲ ಅಕ್ಕ. ಮೇಲಿಂದ ಬೇರೆ ಹಾಕಿದ್ರೆ ತಡೆಯುದಿಲ್ಲ. ದೊಡ್ಡವಳಾದ ವರ್ಷ ಒಮ್ಮೆ ಹೀಗೆಯೇ ಎದ್ದಿತ್ತು, ಆಗಲೇ ಬಿಡಿಸಿದೆ. ತಲೆಗೂ ಮೀಯುವ ಮೊದಲು ಹಚ್ಚಿ, ದಾಸವಾಳ ಸೊಪ್ಪಿನ ಲೋಳೆ ಹಾಕಿ ಅವತ್ತೇ ತೊಳೆದು ತೆಗೆಯುದು. ಮದುವೆ ಆಗಿ ಹೋಗುವಾಗ, ಅತ್ತೆಗೆ ಹೇಳು ಅಂತ ಹೇಳಿ ಕಳಿಸಿದ್ದೆ."

"ನನಗೆ ಹೇಳ್ಲಿಲ್ಲ ಅವಳು!" ಪೂವಮ್ಮನ ಬಾಯಿಂದ ಮಾತು ಹಾರಿತು. ಹಾರಿದ ಮೇಲೆ ನೆನಪಾಯಿತು. ಹಿತ್ತಿಲ ಜಗಲಿ, ಮೊದಲ ಶುಕ್ರವಾರ, ಮುಖಕ್ಕೆ ಬೇಡ ಅತ್ತೆ.

ಮಜ್ಜಿಗೆ ತಂದ ಕುಮುದಿನಿ ಬಾಗಿಲಲ್ಲಿ ನಿಂತಿದ್ದಳು. "ಹೌದವ್ವ," ಎಂದಳು ತಾಯಿಗೆ, "ನನಗೆ ಹೇಳ್ಲಿಕ್ಕೆ ಮರೆತುಹೋಯ್ತು."

ಪೂವಮ್ಮ ತಲೆ ತಗ್ಗಿಸಿದಳು. ಹೇಳಿದ್ದಳು, ನಾನೇ ಕೇಳಲಿಲ್ಲ ಎನ್ನಲು ಇದಕ್ಕಿಂತ ಸುಲಭದ ಹೊತ್ತು ಬೇರೆ ಇರಲಿಲ್ಲ. ಅವಳಿಂದ ಆಗಲಿಲ್ಲ. ಸುಮ್ಮನೆ ಮಜ್ಜಿಗೆ ಕುಡಿದಳು.

ಸೊಸೆಯೊಂದಿಗೆ ಹಿಂದಿರುಗುವಾಗ ಸುಳ್ಯದಲ್ಲಿ ಬಸ್ಸಿಗೆ ಕಾಯುತ್ತಾ ಕೂತಾಗ ಪೂವಮ್ಮ ಕೇಳಿದಳು. "ಮೊದಲ ದಿನ ನೀನು ಹೇಳಿದ್ದಿ. ಆಮೇಲೆ ಯಾಕೆ ಹೇಳ್ಲಿಲ್ಲ ಮಗಾ? ಹಾಳಾಗುದು ನಿನಗೆ ಗೊತ್ತಿತ್ತಲ್ಲ."

ಕುಮುದಿನಿ ಸೆರಗಿನ ತುದಿ ಸುತ್ತುತ್ತಾ ಹೇಳಿದಳು. "ಎಣ್ಣೆ ಹಚ್ಚುವಾಗ ನಿಮಗೆ ಅಷ್ಟು ಖುಷಿ ಆಗ್ತಿತ್ತು ಅತ್ತೆ. ಇವತ್ತು ಹೇಳುವ, ನಾಳೆ ಹೇಳುವ ಅಂತ ಇದ್ದೆ. ಆಮೇಲೆ ಮುಖ ಕೆಟ್ಟಿತು. ಆಗ ಹೇಳಿದ್ರೆ ನಿಮ್ಮ ಮೇಲೆ ತಪ್ಪು ಹಾಕಿದ ಹಾಗೆ ಆಗ್ತಿತ್ತು."

ಪೂವಮ್ಮನಿಗೆ ಅವಳ ಕಡೆ ತಿರುಗಿ ನೋಡಲಾಗಲಿಲ್ಲ.

ದಿನದಿನದ ಎಣ್ಣೆ ನಿಂತಿತು. ಪೂವಮ್ಮ ಹೆಸರುಕಾಳನ್ನು ತಾನೇ ಬೀಸಿ, ಜರಡಿ ಹಿಡಿದು, ಡಬ್ಬಿ ತುಂಬಿಸಿ ಸೊಸೆಯ ಕೋಣೆಯಲ್ಲಿಟ್ಟಳು. ಅವಳ ತಲೆದಿಂಬಿನ ಬಟ್ಟೆಯನ್ನು ಆಗಾಗ ಒಗೆದು ಹಾಕಿದಳು. ಮಾಡಿದ್ದಕ್ಕೆ ಅದೆಲ್ಲ ಸಾಲದೆಂದು ಅವಳಿಗೆ ಗೊತ್ತಿತ್ತು. ಬೆಳಕಿನಲ್ಲಿ ಕುಮುದಿನಿ ಮುಖ ತಿರುಗಿಸಿದಾಗೆಲ್ಲ ಆ ಕುಳಿಗಳು ಕಾಣುತ್ತಿದ್ದವು. ಪೂವಮ್ಮ ತನ್ನ ಉಗುರುಗಳನ್ನು ತೀರ ಒತ್ತಾಗಿ ಕತ್ತರಿಸಲು ಶುರು ಮಾಡಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಹೊಗಳಿಕೆ. ಸೊಸೆಯ ಮುಖ ತಿಳಿಯಾದದ್ದನ್ನು ಕಂಡ ಪೇಟೆಯ ಹೆಂಗಸರು ಅದೂ ಪೂವಮ್ಮನ ಕೈಗುಣವೇ ಎಂದುಕೊಂಡರು. ಮೊಡವೆಗೂ ಆ ಎಣ್ಣೆ ಆಗುತ್ತದಂತೆ ಎಂದು ಮಾತು ಹರಡಿತು. ಒಂದು ಮಧ್ಯಾಹ್ನ ಜೈನಬಮ್ಮ ತನ್ನ ಮಗಳು ನೆಬೀಸಳನ್ನು ಕರೆದುಕೊಂಡು ಬಂದಳು. ಹದಿನಾರರ ಹುಡುಗಿ, ಹಣೆಯ ಮೇಲೆ ಆಗಷ್ಟೇ ಚಿಕ್ಕ ಚಿಕ್ಕ ಗುಳ್ಳೆ ಕಾಣಿಸಿದ್ದವು.

"ನಿಮ್ಮ ಸೊಸೆಗೆ ಹಚ್ಚಿದ್ದು ಇವಳಿಗೂ ಸ್ವಲ್ಪ ಕೊಡಿ ಪೂವಮ್ಮಕ್ಕ. ಇಲ್ಲದಿದ್ರೆ ಇವಳು ಹೊರಗೆ ಬರುದಿಲ್ಲ ಅಂತಾಳೆ."

ಪೂವಮ್ಮನ ಹಿಂದೆ ಕಪಾಟಿನಲ್ಲಿ ಸೀಸೆಗಳ ಸಾಲೇ ಇತ್ತು. ಒಳಬಾಗಿಲಲ್ಲಿ ಕುಮುದಿನಿ ನಿಂತು ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಒಂದೇ ವಾಕ್ಯ ಸಾಕಿತ್ತು. ಇದನ್ನು ಹಚ್ಚಿಯೇ ಅವಳ ಮುಖ ಹಾಳಾದದ್ದು. ಪೂವಮ್ಮ ಬಾಯಿ ತೆರೆದಳು.

"ಎಣ್ಣೆ... ಮುಗಿದಿದೆ ಮಾರಾಯ್ತಿ."

ಜೈನಬಮ್ಮನ ಕಣ್ಣು ಕಪಾಟಿನ ಕಡೆ ಹೋಗಿ ಬಂತು. ಇಪ್ಪತ್ತು ವರ್ಷದಲ್ಲಿ ಇಲ್ಲವೆನ್ನಿಸಿಕೊಂಡದ್ದು ಇದೇ ಮೊದಲು. "ಹೌದಾ, ಇರ್ಲಿ," ಎಂದು ಮಗಳ ಕೈ ಹಿಡಿದು ಹೊರಟುಹೋದಳು.

ಆಮೇಲೆ ಕೆಲವು ದಿನ ಬೇಲಿಯಾಚೆಯಿಂದ ಮಾತು ಬರಲಿಲ್ಲ. ಮತ್ತೆ ಬಂದಾಗ ಜೈನಬಮ್ಮನ ಮುಖದಲ್ಲಿ ನಗುವಿತ್ತು. "ನಿಮ್ಮ ಸೊಸೆ ಬಂದು ನೆಬೀಸಳಿಗೆ ಎಲ್ಲ ಹೇಳ್ಕೊಟ್ಟಳು. ಎಣ್ಣೆ ಮುಟ್ಟಿಸ್ಬೇಡ, ಹಿಂಡ್ಬೇಡ, ಹೆಸರುಹಿಟ್ಟು ಹಾಕಿ ತೊಳಿ ಅಂತ. ಅತ್ತೆಯೇ ಕಲಿಸಿದ್ದು ಅಂದ್ಲು. ಅದಕ್ಕೇ ಅವತ್ತು ಎಣ್ಣೆ ಕೊಡ್ಲಿಲ್ಲ ನೀವು, ಅಲ್ವಾ? ನನಗೆ ಗೊತ್ತಾಗ್ಲಿಲ್ಲ ನೋಡಿ, ಮನಸ್ಸಿನಲ್ಲಿ ಬೇಸರ ಮಾಡ್ಕೊಂಡೆ."

ಪೂವಮ್ಮ ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುವರ್ಷ ಕುಮುದಿನಿ ಬಸುರಿಯಾದಳು. ಸೀಮಂತಕ್ಕೆ ಕಡಬದಿಂದ ಅಕ್ಕ, ಅವಳ ನಾದಿನಿ, ಮದುವೆಯಾದ ದಮಯಂತಿ ಎಲ್ಲ ಬಂದರು. ಮಂಡೆಕೋಲಿನಿಂದ ಸೇವಂತಿ ಬಂದಳು. ಒಳ್ಳೆಯ ದಿನ ನೋಡಿ ಮುಂದಿನ ವಾರ ಮಗಳನ್ನು ಬಾಣಂತನಕ್ಕೆ ಕರೆದೊಯ್ಯುವುದೆಂದು ಮಾತಾಗಿತ್ತು. ಒಳಕೋಣೆಯಲ್ಲಿ ಕುಮುದಿನಿಗೆ ಹೂ ಮುಡಿಸುತ್ತಿದ್ದ ಹೊತ್ತಿನಲ್ಲಿ, ಸೇವಂತಿ ಹಿತ್ತಿಲಲ್ಲಿ ಒಬ್ಬಳೇ ಸೌತೆಕಾಯಿ ಹೆಚ್ಚುತ್ತಿದ್ದುದನ್ನು ನೋಡಿ ಪೂವಮ್ಮ ಅವಳ ಎದುರು ಹೋಗಿ ಕುಕ್ಕರುಗಾಲಲ್ಲಿ ಕೂತಳು.

"ಸೇವಂತಿ, ಹುಡುಗಿ ನನಗೆ ಹೇಳಿದ್ಲು. ಮುಖಕ್ಕೆ ಬೇಡ ಅಂತ ಮೊದಲ ದಿನವೇ ಹೇಳಿದ್ಲು. ನಾನು ನಗಾಡಿದೆ. ಮತ್ತೆ ಕಡಬದಲ್ಲಿ ನಿಮ್ಮ ಎದುರೇ ಆ ಮಾತು ಹೇಳಿದೆ. ತಪ್ಪೆಲ್ಲ ನನ್ನದು."

ಸೇವಂತಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಅವಳು ಮರೆಯುವವಳಲ್ಲ, ನನಗೆ ಗೊತ್ತುಂಟು ಅಕ್ಕ," ಎಂದಳು. ಹೋಳುಗಳನ್ನು ತಟ್ಟೆಗೆ ಸರಿಸಿ ಹೇಳಿದಳು, "ಆದ್ರೆ ಅವತ್ತು ಅಲ್ಲಿ ಕೂತಿದ್ದವರಿಗೆ ಗೊತ್ತಿಲ್ಲ."

ಪೂವಮ್ಮನಿಗೆ ಅರ್ಥವಾಯಿತು. ಎದ್ದಳು. ಚಾವಡಿಯಲ್ಲಿ ಚಾಪೆ ಹಾಸಿ ಕೂತಿದ್ದ ಕಡಬದವರ ಎದುರು ನಿಂತು, ಯಾರಾದರೂ ಏನಾದರೂ ಕೇಳುವ ಮೊದಲೇ ಹೇಳಲು ತೊಡಗಿದಳು. ಮಾತು ಹಿಂದೆ ಮುಂದೆ ಆಯಿತು. ಎಣ್ಣೆ ಎಂದಳು, ರಕ್ತ ಎಂದದ್ದು ಸುಳ್ಳು ಎಂದಳು, ದನ ಅವತ್ತು ಕರು ಹಾಕುವುದಿರಲಿಲ್ಲ ಎಂದಳು.

ಅಕ್ಕ ಮುಜುಗರದಿಂದ ನಕ್ಕಳು. "ಇದನ್ನು ಹೇಳ್ಲಿಕ್ಕೆ ಇವತ್ತೇ ಆಗ್ಬೇಕಿತ್ತಾ ಮಾರಾಯ್ತಿ? ಯಾರಿಗೆ ನೆನಪುಂಟು ಅದೆಲ್ಲ?"

"ನನಗೆ ನೆನಪುಂಟು," ಎಂದಳು ನಾದಿನಿ. ಅವಳ ಮುಖದಲ್ಲಿ ನಗುವಿರಲಿಲ್ಲ. "ಆ ಮದುವೆ ಕಳೆದ ತಿಂಗಳಲ್ಲೇ ಸೇವಂತಿಯ ಕಿರಿಯ ಮಗಳು ಭವಾನಿಯನ್ನು ನರಿಮೊಗರಿನಿಂದ ಕೇಳ್ಲಿಕ್ಕೆ ಹೊರಟಿದ್ರು. ನಮ್ಮ ಗುರ್ತದವರೇ. ಹೇಗೆ ಮನೆ ಅಂತ ನನ್ನ ಹತ್ರ ವಿಚಾರಿಸಿದ್ರು. ಬೀಗಿತ್ತಿಯೇ ಹೇಳಿದ ಮೇಲೆ ಸುಳ್ಳಾಗ್ಲಿಕ್ಕಿಲ್ಲ ಅಂತ ನಾನು ಅದನ್ನೇ ಹೇಳಿದೆ. ಅವರು ಮತ್ತೆ ಮಂಡೆಕೋಲಿಗೆ ಹೋಗ್ಲೇ ಇಲ್ಲ. ಯಾಕೆ ಅಂತ ಸೇವಂತಿಗೂ ಆಗಲೇ ಗೊತ್ತಾಗಿತ್ತು."

ಹಿತ್ತಿಲಿನಿಂದ ಸೌತೆಕಾಯಿ ಹೆಚ್ಚುವ ಸದ್ದು ಕೇಳುತ್ತಲೇ ಇತ್ತು. ಸೇವಂತಿಗೆ ಇದೂ ಗೊತ್ತಿತ್ತು. ಗೊತ್ತಿದ್ದೂ ಪತ್ರೊಡೆ ಬಡಿಸಿದ್ದಳು.

ನೆಂಟರು ಹೋದ ಮರುದಿನವೇ ಅವಳು ಬಸ್ಸು ಹತ್ತಿದಳು. ಪುತ್ತೂರಿನಲ್ಲಿ ಇಳಿದು, ಕೇಳಿಕೊಂಡು, ನರಿಮೊಗರಿನ ಆ ಮನೆಗೆ ಹೋದಳು. ಹುಡುಗನ ಅಜ್ಜಿ ಜಗಲಿಯಲ್ಲಿದ್ದಳು. ಗುರುತೇ ಇಲ್ಲದವರ ಮುಂದೆ ಪೂವಮ್ಮ ಮತ್ತೊಮ್ಮೆ ಅದನ್ನೆಲ್ಲ ಹೇಳಿದಳು. ಈ ಸಲ ಮಾತು ಹಿಂದೆ ಮುಂದೆ ಆಗಲಿಲ್ಲ. ಅಜ್ಜಿ ಪೂರ್ತಿ ಕೇಳಿ, ಕಾಫಿ ತರಿಸಿ ಕೊಟ್ಟಳು.

"ಬಂದು ಹೇಳಿದ್ದು ಒಳ್ಳೆದಾಯ್ತು. ಆದ್ರೆ ಹುಡುಗನಿಗೆ ಬೇರೆ ಕಡೆ ನಿಶ್ಚಯ ಆಗಿದೆಯಮ್ಮ. ಈಗ ಎಂತ ಮಾಡ್ಲಿಕ್ಕುಂಟು?"

ಮಾಡಲಿಕ್ಕೆ ಏನೂ ಇರಲಿಲ್ಲ. ಸಂಜೆ ಬೆಳ್ಳಾರೆಯಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಕುಮುದಿನಿ ಬಾಗಿಲಲ್ಲೇ ಕಾಯುತ್ತಿದ್ದಳು. "ಎಲ್ಲಿಗೆ ಹೋಗಿದ್ರಿ ಅತ್ತೆ, ಹೇಳದೆ? ನಿನ್ನೆ ನೆಂಟರೆಲ್ಲ ಎಂತದೋ ಪಿಸುಪಿಸು ಮಾತಾಡ್ತಿದ್ರು. ನನಗೆ ಯಾರೂ ಹೇಳ್ಲಿಲ್ಲ."

ಕಡಬದ ಮಾತು ಇವಳಿಗೆ ಗೊತ್ತಿಲ್ಲ ಎಂಬುದು ಪೂವಮ್ಮನಿಗೆ ಆಗ ತಿಳಿಯಿತು. ತಾಯಿ ಮಗಳಿಗೆ ಅದನ್ನು ಇಂದಿಗೂ ಹೇಳಿರಲಿಲ್ಲ. ಎಲ್ಲರಿಗೂ ಹೇಳಿ ಮುಗಿಯಿತೆಂದುಕೊಂಡವಳ ಎದುರಿಗೆ, ಎಲ್ಲರಿಗಿಂತ ಮೊದಲು ಯಾರಿಗೆ ಹೇಳಬೇಕಾಗಿತ್ತೋ ಅವಳೇ ನಿಂತಿದ್ದಳು. ಪೂವಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದಳು. ಚಪ್ಪರದಲ್ಲಿ ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಿದಳು. ಭವಾನಿಯ ಸಂಬಂಧ ತಪ್ಪಿದ್ದನ್ನೂ ಹೇಳಿದಳು.

ಕುಮುದಿನಿ ನಿಂತೇ ಕೇಳಿಸಿಕೊಂಡಳು. ತನ್ನ ಮುಖದ ವಿಷಯ ಬಂದಾಗ ಏನೂ ಅನ್ನಿಸದವಳ ಹಾಗೆ ಇದ್ದವಳು, ತಂಗಿಯ ಹೆಸರು ಬಂದಾಗ ತಟ್ಟನೆ ತಲೆಯೆತ್ತಿದಳು. ಆಮೇಲೆ ಒಳಗೆ ಹೋದಳು.

ಆ ಮುಂದಿನ ದಿನಗಳಲ್ಲಿ ಅವಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅತ್ತೆ ಬಡಿಸಿದ್ದನ್ನು ಉಣ್ಣುತ್ತಿದ್ದಳು, ಕಣ್ಣೆತ್ತಿ ನೋಡುತ್ತಿರಲಿಲ್ಲ. ಕುಶಾಲಪ್ಪ ಏನಾಯಿತೆಂದು ಇಬ್ಬರನ್ನೂ ಕೇಳಿ ಸೋತ. ಪೂವಮ್ಮ ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಆಡುವ ಯೋಗ್ಯತೆ ತನಗಿಲ್ಲವೆಂದು ಅವಳಿಗೆ ಅನ್ನಿಸಿತ್ತು.

ತವರಿಗೆ ಹೊರಡುವ ದಿನ ಹತ್ತಿರ ಬಂತು. ಕುಮುದಿನಿ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ಪೂವಮ್ಮ ಮಡಚಿದ ಸೀರೆಗಳನ್ನು ತಂದು ಪಕ್ಕದಲ್ಲಿಟ್ಟು ತಿರುಗಿದಾಗ ಹಿಂದಿನಿಂದ ಅವಳ ದನಿ ಕೇಳಿತು.

"ಅತ್ತೆ, ನಾಡಿದ್ದು ಮಂಡೆಕೋಲಿಗೆ ನೀವೂ ಬನ್ನಿ."

ಪೂವಮ್ಮ ನಿಂತಳು.

"ಭವಾನಿಗೆ ನಾನು ಹೇಳುದಿಲ್ಲ, ಅವ್ವನೂ ಹೇಳ್ಲಿಕ್ಕಿಲ್ಲ. ನೀವೇ ಹೇಳ್ಬೇಕು."

"ಬರ್ತೇನೆ," ಎಂದಳು ಪೂವಮ್ಮ.